ಚಾವಣಿ ಗಟ್ಟಿಯೋ ಟೊಳ್ಳೋ: ಲೇಸರ್, ರೇಡಾರ್ ಜೊತೆಯಾದಾಗ

ಭೂಗತ ಗಣಿಯಲ್ಲಿ ಕೆಲಸ ಮಾಡುವವರ ದೊಡ್ಡ ಭಯಗಳಲ್ಲಿ ಒಂದು ತಲೆಯ ಮೇಲಿನ ಬಂಡೆ. ಅದು ಗಟ್ಟಿಯಾಗಿದೆಯೇ ಎಂದು ನೋಡಲು ಕಬ್ಬಿಣದ ಸಲಾಕೆಯಿಂದ ಚಾವಣಿಗೆ ಬಡಿಯುತ್ತಾರೆ. ಖಣ್ ಎಂದರೆ ಸರಿ. ಟೊಳ್ಳು ಸದ್ದು ಬಂದರೆ ಒಳಗೆ ಪದರ ಬಿಟ್ಟುಕೊಂಡಿದೆ ಎಂದರ್ಥ. ಪಳಗಿದ ಕಿವಿಯ ಈ ವಿದ್ಯೆಗೆ ಇವತ್ತಿಗೂ ಬೆಲೆ ಇದೆ. ಆದರೆ ಬಡಿದು ನೋಡುವವನು ನಿಂತಿರುವುದು ಅದೇ ಬಂಡೆಯ ಹತ್ತಿರ, ಅಲ್ವಾ? ಅವನನ್ನು ಅಲ್ಲಿಂದ ದೂರ ಇಡುವುದಕ್ಕೇ ಲೇಸರ್ ಸ್ಕ್ಯಾನರ್, ರೇಡಾರ್ ಎಂಬ ಈ ಹೊಸ ಉಪಕರಣಗಳು ಬೇಕು.

ಲೇಸರ್ ಸ್ಕ್ಯಾನರ್ ಬೆಳಕಿನ ಮಿಡಿತಗಳನ್ನು ಸುತ್ತಲೂ ಹಾಯಿಸುತ್ತದೆ. ಗೋಡೆಗೆ ಬಡಿದು ವಾಪಸ್ ಬರಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ಹೀಗೆ ಲಕ್ಷಗಟ್ಟಲೆ ಬಿಂದುಗಳು ಸೇರಿ ಸುರಂಗದ ಮೂರು ಆಯಾಮದ ನಕ್ಷೆಯಾಗುತ್ತದೆ. ನೆಲದಡಿ ಜಿಪಿಎಸ್ ಸಿಗುವುದಿಲ್ಲ. ಆದ್ದರಿಂದ ಸಾಗುವ ಸ್ಕ್ಯಾನರ್ ತಾನು ಕಂಡ ಗೋಡೆಗಳ ಆಕಾರದಿಂದಲೇ ತನ್ನ ಜಾಗ ಗುರುತಿಸಿಕೊಳ್ಳುತ್ತದೆ. ಹಳೆಯ ನಕ್ಷೆಯ ಮೇಲೆ ಇವತ್ತಿನದನ್ನು ಇಟ್ಟು ನೋಡಿದರೆ ಚಾವಣಿ ಎಲ್ಲಿ ಕೆಳಗೆ ಜಗ್ಗಿದೆ ಎಂಬುದು ಗೊತ್ತಾಗುತ್ತದೆ. ಆದರೆ ಲೇಸರ್‌ಗೆ ಕಾಣುವುದು ಬಂಡೆಯ ಹೊರಮೈ ಮಾತ್ರ.

ಒಳಗೆ ನೋಡಲು ರೇಡಾರ್ ಬೇಕು. ಅದರ ರೇಡಿಯೊ ಅಲೆ ಬಂಡೆಯೊಳಗೆ ಹೊಕ್ಕು, ಬಿರುಕೋ ನೀರೋ ಎದುರಾದ ಕಡೆ ಒಂದಷ್ಟು ಹಿಂದಕ್ಕೆ ಚಿಮ್ಮುತ್ತದೆ. ಬಂಡೆಯಲ್ಲಿ ಅಲೆಯ ವೇಗ ಒಂದು ನ್ಯಾನೊಸೆಕೆಂಡಿಗೆ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು) ಸುಮಾರು 10 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಪ್ರತಿಧ್ವನಿ 12 ನ್ಯಾನೊಸೆಕೆಂಡಿನಲ್ಲಿ ಬಂದರೆ ಅಲೆ ಹೋಗಿ ಬಂದ ದಾರಿ 120 ಸೆಂ.ಮೀ., ಅಂದರೆ ಬಿರುಕು ಇರುವುದು 60 ಸೆಂ.ಮೀ. ಒಳಗೆ. ಆವರ್ತನ ಹೆಚ್ಚಿಸಿದರೆ ಸಣ್ಣ ಬಿರುಕೂ ಕಾಣುತ್ತದೆ, ಆದರೆ ಅಲೆ ಜಾಸ್ತಿ ಆಳಕ್ಕೆ ಹೋಗುವುದಿಲ್ಲ.

ಎರಡೂ ಉಪಕರಣಗಳನ್ನು ಸುಮ್ನೆ ಒಂದೇ ಗಾಡಿಗೆ ಕಟ್ಟಿದರೆ ಸಾಲದು. ಒಂದರ ಲೆಕ್ಕವನ್ನು ಇನ್ನೊಂದು ತಿದ್ದಬೇಕು. ಅದರಲ್ಲೇ ಇರುವುದು ಈ ಜೋಡಿಯ ನಿಜವಾದ ಲಾಭ. ಗಣಿಯ ಚಾವಣಿ ಉಬ್ಬು ತಗ್ಗುಗಳಿಂದ ಕೂಡಿರುತ್ತದೆ. ಹಾಗಾಗಿ ರೇಡಾರ್ ಆಂಟೆನಾಕ್ಕೂ ಬಂಡೆಗೂ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಗಾಳಿಯಲ್ಲಿ ಅಲೆ ನ್ಯಾನೊಸೆಕೆಂಡಿಗೆ 30 ಸೆಂ.ಮೀ. ಓಡುತ್ತದೆ. ಇದನ್ನು ಗಮನಿಸದೆ ಹೋದರೆ 30 ಸೆಂ.ಮೀ. ಗಾಳಿ 10 ಸೆಂ.ಮೀ. ಬಂಡೆಯ ಹಾಗೆ ಕಾಣುತ್ತದೆ. ಆಗ ನೆಟ್ಟಗಿರುವ ಪದರವೂ ಡೊಂಕಾಗಿ ಕಾಣುತ್ತದೆ. ಲೇಸರ್ ನಕ್ಷೆ ಪ್ರತಿ ಜಾಗದ ಗಾಳಿಯ ಅಂತರವನ್ನು ಹೇಳುವುದರಿಂದ ಈ ತಪ್ಪು ಸರಿಹೋಗುತ್ತದೆ. ಚಾವಣಿಗೆ ಹೊಡೆದ ಉಕ್ಕಿನ ಬೋಲ್ಟ್‌ಗಳೂ ಹಾಗೆಯೇ. ರೇಡಾರ್‌ನಲ್ಲಿ ಅವುಗಳ ಪ್ರತಿಧ್ವನಿ ಜೋರಾಗಿ ಬಂದು ಗೊಂದಲ ಮಾಡುತ್ತದೆ. ಅವುಗಳ ತಲೆ ಎಲ್ಲೆಲ್ಲಿದೆ ಎಂದು ಲೇಸರ್ ತೋರಿಸಿದರೆ ಯಾವುದು ಬೋಲ್ಟ್, ಯಾವುದು ಬಿರುಕು ಎಂದು ಬೇರ್ಪಡಿಸುವುದು ಸುಲಭ.

ಕೊನೆಗೆ ಎಂಜಿನಿಯರ್ ಹುಡುಕುವುದು ಇಂಥ ಜಾಗವನ್ನು: ಹೊರಮೈ ಕೆಲವೇ ಮಿಲಿಮೀಟರ್ ಜಗ್ಗಿದೆ, ಅದರ ಮೇಲೆಯೇ ಪದರ ಬಿಟ್ಟುಕೊಂಡ ಗುರುತೂ ಇದೆ. ಎರಡೂ ಸೇರಿದ ಕಡೆ ಮೊದಲು ಜನರನ್ನು ಆಚೆ ಕಳಿಸಬೇಕು, ಆಮೇಲೆ ಆಸರೆ ಕೊಡಬೇಕು. ಒಳಗೆ ಬಿರುಕಿದ್ದು ಹೊರಮೈ ಇನ್ನೂ ಅಲುಗದಿದ್ದರೂ ನಿಶ್ಚಿಂತೆಯಿಂದ ಇರುವಂತಿಲ್ಲ. ನನ್ನ ಮಟ್ಟಿಗೆ ಅದು ಇನ್ನೂ ಮುಖ್ಯವಾದ ಸುಳಿವು. ಸರಿಪಡಿಸಲು ಸಮಯ ಸಿಗುವುದು ಆಗಲೇ.

ಮಿತಿಗಳೂ ಇವೆ. ದಟ್ಟ ಧೂಳಿನಲ್ಲಿ ಲೇಸರ್ ಬೆಳಕು ಚದುರುತ್ತದೆ. ಮೀಥೇನ್ ಇರುವ ಕಲ್ಲಿದ್ದಲು ಗಣಿಯಲ್ಲಿ ಕಿಡಿ ಹಾರದ ಹಾಗೆ ಕಟ್ಟಿದ ಉಪಕರಣವೇ ಬೇಕು. ಒದ್ದೆ ಜೇಡಿಮಣ್ಣು ರೇಡಾರ್ ಅಲೆಯನ್ನು ಹೀರಿಬಿಡುತ್ತದೆ. ಅಂಥ ಕಡೆ ಚಾವಣಿಯಲ್ಲಿ ರಂಧ್ರ ಕೊರೆದು, ಒಳಗೆ ಕ್ಯಾಮೆರಾ ತೂರಿಸಿ ಪದರಗಳನ್ನು ನೋಡುತ್ತಾರೆ.