ಟ್ಯೂಬ್ ಹಾಕಿದ್ರೆ ನರ ಓಡುದಿಲ್ಲ ಮಾರಾಯ್ರೆ

ಕೈಯ ನರ ಕಟ್ ಆಗಿ ಬರುವವರು ಈಗ ಮೊದ್ಲಿನ ಹಾಗಲ್ಲ, ಮೊಬೈಲಲ್ಲಿ ಎಲ್ಲ ನೋಡಿಕೊಂಡೇ ಬರುದು. ಒಂದು ವಿಡಿಯೋ ತೋರಿಸ್ತಾರೆ, ಅದ್ರಲ್ಲಿ ತುಂಡಾದ ನರದ ಎರಡು ತುದಿಗೆ ಬಿಳಿ ಟ್ಯೂಬ್ ಹಾಕ್ತಾರೆ, ಒಳಗೆ ಹಳದಿ ಗೆರೆಗಳು ಸರ್ರಂತ ಓಡಿ ಆಚೆ ಬದಿ ಮುಟ್ತವೆ, ಕೆಲ್ಸ ಮುಗೀತು. "ಟಿಶ್ಯೂ ಇಂಜಿನಿಯರಿಂಗ್ ಅಂತೆ ಡಾಕ್ಟ್ರೇ, ಹೋದ ಭಾಗವನ್ನು ಹೊಸತಾಗಿ ಬೆಳೆಸುದಂತೆ, ಇದ್ರಲ್ಲಿ ಬೇಗ ಸರಿ ಆಗ್ತದಂತೆ, ಇಲ್ಲಿಗೆ ಬರುವ ತನಕ ಸ್ವಲ್ಪ ಕಾಯುವನಾ?" ಈ ಕಾಯುವನಾ ಅಂತ ಕೇಳಿದ ಕೂಡ್ಲೇ ನಂಗೆ ತಲೆಬಿಸಿ ಶುರು.

ಬದಿಯಡ್ಕ ಕಡೆಯ ಅಡಿಕೆ ಕೃಷಿಕರೊಬ್ರಿಗೆ ಹುಲ್ಲು ಹೆರೆಯುವ ಮಿಷನಿನ ಬ್ಲೇಡು ತಾಗಿ ಮಣಿಗಂಟಲ್ಲಿ ಮೀಡಿಯನ್ ನರ, ಅಂದ್ರೆ ಹೆಬ್ಬೆರಳು ತೋರುಬೆರಳ ಕಡೆಗೆ ಹೋಗುವ ನರ, ಕಟ್ ಆಗಿತ್ತು. ಹೊಲಿದು ಮೂರು ವಾರ ಆದ್ಮೇಲೆ ಬಂದು ಕೂತ್ರು, ಮುಖ ದಪ್ಪ. "ತೋಟದಲ್ಲಿ ಸ್ಪ್ರಿಂಕ್ಲರ್ ಪೈಪು ತುಂಡಾದ್ರೆ ನಾವು ಕಪ್ಲಿಂಗ್ ಹಾಕ್ತೇವೆ, ಮೋಟ್ರು ಆನ್ ಮಾಡಿದ ಕೂಡ್ಲೇ ನೀರು ಬರ್ತದೆ. ನೀವು ಜಾಯಿಂಟ್ ಮಾಡಿದ್ದು ಹೌದಾದ್ರೆ ಬೆರಳಿಗೆ ಎಂತಕ್ಕೆ ಬರ್ಲಿಲ್ಲ?" ನ್ಯಾಯವಾದ ಪ್ರಶ್ನೆಯೇ. ಆದ್ರೆ ಪೈಪಿನ ಆಚೆ ತುಂಡು ಕಟ್ ಆದ್ಮೇಲೂ ಒಳ್ಳೆ ಪೈಪೇ, ನರದ ಆಚೆ ತುಂಡು ಹಾಗಲ್ಲ ಅಣ್ಣ, ಅದು ಸತ್ತು ಹೋಗ್ತದೆ.

ಇದನ್ನೇ ನಾನು ದಿನಾ ಹೇಳುದು, ಇನ್ನೊಮ್ಮೆ ಹೇಳ್ತೇನೆ. ಕೈಗೆ ಬರುವ ಒಂದೊಂದು ಎಳೆಯೂ ಕುತ್ತಿಗೆಯ ಹತ್ರ ಬೆನ್ನುಹುರಿಯಲ್ಲೋ ಅದ್ರ ಪಕ್ಕದಲ್ಲೋ ಕೂತ ಒಂದು ಜೀವಕೋಶದ ಉದ್ದ ಬಾಲ. ಮಧ್ಯೆ ಕಡಿದ್ರೆ ಕೋಶದ ಸಂಪರ್ಕ ತಪ್ಪಿದ ಬದಿ ಕೆಲವೇ ದಿನದಲ್ಲಿ ಪುಡಿಯಾಗ್ತದೆ. ಅಗಸ್ಟಸ್ ವಾಲರ್ ಅನ್ನುವವ್ರು 1850ರಲ್ಲೇ ಕಪ್ಪೆಯ ನಾಲಗೆ ನರ ಕತ್ತರಿಸಿ ಇದನ್ನು ತೋರಿಸಿದ್ದಾರೆ, ಹೊಸ ವಿಷಯ ಏನಲ್ಲ. ಎಳೆ ಹೋದ್ರೂ ಅದನ್ನು ಸುತ್ತಿಕೊಂಡಿದ್ದ ಶ್ವಾನ್ ಅನ್ನುವ ಕೋಶಗಳು ಉಳೀತವೆ, ಅವು ಕಸ ತೆಗೆದು ಸಾಲಾಗಿ ನಿಂತು ದಾರಿ ಮಾಡಿಕೊಡ್ತವೆ, ಆಮೇಲೆ ಮೇಲಿನ ಜೀವಂತ ತುದಿಯಿಂದ ಹೊಸ ಚಿಗುರು ಹೊರಟು ಆ ಖಾಲಿ ದಾರಿಯಲ್ಲಿ ಬರ್ಬೇಕು. ನಾನು ಕೂದಲಿಗಿಂತ ಸಪೂರ ದಾರದಲ್ಲಿ ಹೊಲಿಯುದು ಆ ದಾರಿಯ ಬಾಯಿಯನ್ನು ಮಾತ್ರ. ಚಿಗುರು ಹೊರಡ್ಲಿಕ್ಕೇ ಕೆಲವು ವಾರ ಬೇಕು, ಹೊರಟ ಮೇಲೆ ಸುಮಾರು ದಿನಕ್ಕೆ 1 ಮಿಲಿಮೀಟರ್. ಮಣಿಗಂಟಿಂದ ತೋರುಬೆರಳ ತುದಿಗೆ 18 ಸೆಂಟಿಮೀಟರ್ ಅಂತ ಇಟ್ಕೊಳ್ಳಿ, ಆರು ತಿಂಗಳ ಮೇಲೇ ಆಯ್ತು. ಮೂರು ವಾರಕ್ಕೆ ಎಂತ ಬರ್ಬೇಕು ಹೇಳಿ!

ಹಾಗಾದ್ರೆ ಟ್ಯೂಬ್ ಸುಳ್ಳಾ? ಸುಳ್ಳಲ್ಲ. ಎರಡು ತುದಿಯನ್ನು ಎಳೆಯದೆ ಕೂಡಿಸ್ಲಿಕ್ಕೆ ಆಗದಷ್ಟು ಗ್ಯಾಪ್ ಇದ್ರೆ ಆಗ ಅದು ಬೇಕಾಗ್ಬಹುದು. ಅದೂ ಹೊಸತಲ್ಲ, 1880ರ ದಶಕದಲ್ಲೇ ಸುಣ್ಣದಂಶ ತೆಗೆದ ಎಲುಬಿನ ಕೊಳವೆಯನ್ನು ನಾಯಿಯ ನರಕ್ಕೆ ಹಾಕಿ ನೋಡಿದ್ರು. ಆಮೇಲೆ ಸಿಲಿಕೋನ್ ಟ್ಯೂಬ್ ಬಂತು, ಈಗ ತನ್ನಷ್ಟಕ್ಕೆ ಕರಗುವ ಕೊಲಾಜೆನ್, ಪಾಲಿಗ್ಲೈಕೋಲಿಕ್ ಆಸಿಡ್, ಕೈಟೋಸಾನ್. ಈ ಕೈಟೋಸಾನ್ ತಯಾರಾಗುದು ಸಿಗಡಿ, ಏಡಿಯ ಚಿಪ್ಪಿನಿಂದ, ಮೀನು ಮಾರ್ಕೆಟಲ್ಲಿ ನಾವು ಬಿಸಾಡುವ ಮಾಲು. ಟ್ಯೂಬಿನೊಳಗೆ ಮೊದ್ಲು ರಸ ತುಂಬಿ ಫೈಬ್ರಿನ್ನಿನ (ರಕ್ತ ಹೆಪ್ಪುಗಟ್ಟುವಾಗ ಆಗುವ ನಾರು) ಹಗ್ಗದ ಹಾಗಿನದ್ದೊಂದು ಆಗ್ಬೇಕು, ಅದ್ರ ಮೇಲೆ ಶ್ವಾನ್ ಕೋಶ ಬರ್ಬೇಕು, ಅದ್ರ ಹಿಂದೆ ಚಿಗುರು. ಗ್ಯಾಪ್ 3 ಸೆಂಟಿಮೀಟರ್ ದಾಟಿದ್ರೆ ಆ ಹಗ್ಗವೇ ನೆಟ್ಟಗೆ ಆಗುದಿಲ್ಲ, ಅದಕ್ಕೇ ದೊಡ್ಡ ಗ್ಯಾಪಿಗೆ ಇವತ್ತಿಗೂ ಕಾಲಿನ ಸೂರಲ್ ನರ ತೆಗೆದು ಹಾಕುದು, ಪಾದದ ಹೊರಬದಿ ಸ್ವಲ್ಪ ಮರಗಟ್ತದೆ ಅಷ್ಟೆ. ಸ್ಟೆಮ್ ಸೆಲ್ ತುಂಬಿದ ಟ್ಯೂಬು, ಬೆಳವಣಿಗೆಯ ಪ್ರೋಟೀನ್ ಸೇರಿಸಿದ್ದು ಎಲ್ಲ ಹೆಚ್ಚಾಗಿ ಇಲಿಯ ಕಾಲಿನ ನರದಲ್ಲಿ, ಬಹಳ ಸಲ 1 ಸೆಂಟಿಮೀಟರ್ ಗ್ಯಾಪಲ್ಲಿ ಮಾಡಿ ನೋಡಿದ್ದು, ಇಲಿಗೆ ನರ ಬೆಳೆಯುದೂ ಬೇಗ, ಹೋಗ್ಲಿಕ್ಕಿರುವ ದೂರವೂ ಅಷ್ಟೇ. ಒಳ್ಳೆ ಸಂಶೋಧನೆ, ನಾನೂ ಆಸೆಯಿಂದ ಓದ್ತೇನೆ. ಆದ್ರೆ ಟ್ಯೂಬ್ ಕೊಡುದು ದಾರಿ, ಸ್ಪೀಡ್ ಅಲ್ಲ. ಟ್ಯೂಬ್ ಹಾಕಿದ್ರೂ 1 ಮಿಲಿಮೀಟರೇ, ಕಾಲಿನ ನರ ಹಾಕಿದ್ರೂ ಅಷ್ಟೇ.

ಇನ್ನು ಕಾಯುವ ಮಾತು. ಚಿಗುರಿಗೆ ಪುರುಸೊತ್ತು ಉಂಟು, ಸ್ನಾಯುವಿಗೆ ಇಲ್ಲ. ನರ ಮುಟ್ಟದೆ ಒಂದು, ಒಂದೂವರೆ ವರ್ಷ ಕಳೆದ್ರೆ ಸ್ನಾಯು ಸೊರಗಿ ಹೋಗ್ತದೆ, ಮತ್ತೆ ನರ ಬಂದ್ರೂ ಹೆಚ್ಚು ಪ್ರಯೋಜನ ಇಲ್ಲ. ಉಪ್ಪಳದ ಹುಡುಗನೊಬ್ಬ, ಕಿಟಕಿ ಗಾಜಿಗೆ ಮೊಣಕೈ ಹತ್ರ ಕುಯ್ದು ಕಿರುಬೆರಳ ಕಡೆಗೆ ಹೋಗುವ ಅಲ್ನಾರ್ ನರ ಕಟ್ ಆದದ್ದು, ಎಲ್ಲಿಯೋ ಚರ್ಮ ಮಾತ್ರ ಹೊಲಿದು ಬೆರಳು ಅಲ್ಲಾಡ್ತದಲ್ಲ, ನರಕ್ಕೆ ಏನೂ ಆಗ್ಲಿಲ್ಲ ಅಂತ ಕಳಿಸಿದ್ರಂತೆ. ಬೆರಳು ಮಡಿಸುವ ಸ್ನಾಯುಗಳು ಹೆಚ್ಚಿನವು ಬೇರೆ ನರದ್ದು, ಅಲ್ಲಾಡಿಯೇ ಅಲ್ಲಾಡ್ತವೆ. ಕಿರುಬೆರಳು ಮರಗಟ್ಟಿದ್ದನ್ನು ಯಾರೂ ಕೇಳ್ಲಿಲ್ಲ. ಆಮೇಲೆ ಎಣ್ಣೆ ತಿಕ್ಕಿದ್ದು, ಇಂಜೆಕ್ಷನ್ ಬರ್ತದಂತೆ ಅಂತ ಕಾದದ್ದು, ನನ್ನ ಹತ್ರ ಬರುವಾಗ ಎಂಟು ತಿಂಗಳು, ಹೆಬ್ಬೆರಳು ತೋರುಬೆರಳ ಮಧ್ಯೆ ಗುಳಿ ಬಿದ್ದಿತ್ತು. ಮೊಣಕೈಯಿಂದ ಕೈಯ ಸಣ್ಣ ಸ್ನಾಯುಗಳಿಗೆ ಹತ್ರಹತ್ರ 30 ಸೆಂಟಿಮೀಟರ್, ಲೆಕ್ಕ ನೀವೇ ಹಾಕಿ. ಅವನ ಅಮ್ಮ ನನ್ನ ಟೇಬಲ್ಲಿನ ಮೇಲೇ ಬೆರಳು ಮಡಿಸಿ ತಿಂಗಳು ಎಣಿಸಿದ್ರು, ನಂಗೆ ಬೈಲಿಕ್ಕೂ ಮನಸ್ಸು ಬರ್ಲಿಲ್ಲ.

ಎಲ್ಲರಿಗೂ ಕೂಡ್ಲೇ ಆಪರೇಷನ್ ಅಂತ ಅಲ್ಲ ಮತ್ತೆ. ಕತ್ತಿ, ಗಾಜಿಂದ ಕುಯ್ದದ್ದಾದ್ರೆ ಬೇಗ ನೋಡ್ಬೇಕು. ಗಾಯ ಇಲ್ಲದೆ ಬರೀ ಪೆಟ್ಟು, ಒತ್ತಡದಿಂದ ಕೈ ಬಿದ್ದದ್ದಾದ್ರೆ ಹಲವು ಸಲ ತಾನಾಗಿ ಬರ್ತದೆ, ಅದಕ್ಕೆ ಮೂರು ತಿಂಗಳು ನೋಡುವ ಕ್ರಮ ಉಂಟು, ಆದ್ರೆ ಅದು ಮನೇಲಿ ಕೂತು ನೋಡುದಲ್ಲ, ಡಾಕ್ಟ್ರ ಕಣ್ಣೆದುರು. ವಯಸ್ಸು, ಶುಗರು, ಬೀಡಿ ಎಲ್ಲ ಲೆಕ್ಕಕ್ಕೆ ಬರ್ತದೆ, ಪೂರ್ತಿ ಮೊದ್ಲಿನ ಹಾಗೆ ಆಗ್ತದೆ ಅಂತ ನಾನು ಯಾರಿಗೂ ಬರೆದು ಕೊಡುದಿಲ್ಲ.

ಬದಿಯಡ್ಕದವರ ಕೈಯನ್ನು ಪ್ರತಿ ಸಲ ಬಂದಾಗ ಹೊಲಿಗೆಯಿಂದ ಕೆಳಗೆ ಬೆರಳಲ್ಲಿ ತಟ್ಟುತ್ತಾ ಹೋಗ್ತೇನೆ, ಚಿಗುರು ಮುಟ್ಟಿದ ಜಾಗಕ್ಕೆ ಬಂದ ಕೂಡ್ಲೇ ಅವ್ರು ಕೈ ಎಳ್ಕೊಳ್ತಾರೆ, "ಹಾಂ, ಶಾಕ್!" ಅಲ್ಲಿ ಪೆನ್ನಲ್ಲಿ ಗುರುತು, ಟೇಪಲ್ಲಿ ಅಳತೆ. ಟಿನೆಲ್ ಅಂತ ಇದಕ್ಕೆ, 1915ರದ್ದು, ಖರ್ಚಿಲ್ಲದ ಟೆಸ್ಟ್. ಅಳತೆ ಮುಂದೆ ಹೋದ್ರೆ ಸರಿ, ತಿಂಗಳುಗಟ್ಲೆ ಒಂದೇ ಕಡೆ ನಿಂತ್ರೆ ಮತ್ತೆ ಬಿಚ್ಚಿ ನೋಡುವ ಯೋಚನೆ ಮಾಡ್ಬೇಕು. ಹಾಗಾಗಿ ಮಂಗಳೂರಲ್ಲಿ ಆಪರೇಷನ್ ಆಗಿ ಇಲ್ಲಿ ತೋರಿಸ್ಲಿಕ್ಕೆ ಬರುವವರು ಡಿಸ್ಚಾರ್ಜ್ ಸಮ್ಮರಿ ಒಂದೇ ಹಿಡ್ಕೊಂಡು ಬರ್ಬೇಡಿ, ಆಪರೇಷನ್ ನೋಟಿನ ಕಾಪಿಯೂ ಕೇಳಿ ತನ್ನಿ, ಎಲ್ಲಿ ಹೊಲಿದದ್ದು, ಗ್ಯಾಪ್ ಎಷ್ಟಿತ್ತು ಅಂತ ಇರುದು ಅದ್ರಲ್ಲಿ.