ತೋಟದ ಬೋರ್ಡೋ, ಬಾಟಲಿಯ ಬೋರ್ಡೋ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸುತ್ತೇವೆ. ಮೊನ್ನೆ ಬೆಂಗಳೂರಿನ ಅಂಗಡಿಯಲ್ಲಿ ಬೋರ್ಡೋ ಅಂತ ಬರೆದ ವೈನ್ ಬಾಟಲಿ ನೋಡಿದೆ. ಎರಡಕ್ಕೂ ಸಂಬಂಧ ಇದೆಯಾ, ಸುಮ್ನೆ ಹೆಸರು ಒಂದೇನಾ?

ಉತ್ತರ: ಸಂಬಂಧ ಇದೆ. ದೂರದ್ದಲ್ಲ, ಒಂದೇ ಮನೆಯದು. ಮಲೆನಾಡಿನಲ್ಲಿ ವೈನ್ ಮಾತೆತ್ತಿದರೆ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಕೇಳುವಾಗ ಮುಖದಲ್ಲಿ ತುಂಟ ನಗು ಬೇರೆ. ಡ್ರಮ್ಮಿನ ನೀಲಿ ನೀರನ್ನು ನಾನು ಗ್ಲಾಸಿಗೆ ಬಗ್ಗಿಸಿಕೊಂಡಿದ್ದೇನೆ ಅನ್ನೋ ಹಾಗೆ.

ಬೋರ್ಡೋ ಫ್ರಾನ್ಸಿನ ಒಂದು ಊರು. ಸುತ್ತಲಿನ ದ್ರಾಕ್ಷಿ ಸೀಮೆಗೂ ಅದೇ ಹೆಸರು. 19ನೇ ಶತಮಾನದಲ್ಲಿ ಅಲ್ಲಿನ ಬಳ್ಳಿಗಳಿಗೆ ಫಿಲಾಕ್ಸೆರಾ ಎಂಬ ಪುಟ್ಟ ಹೇನು ಬಿತ್ತು. ಬೇರು ಹೀರಿ ತೋಟಕ್ಕೆ ತೋಟವನ್ನೇ ಒಣಗಿಸಿತು. ಅಮೆರಿಕದ ಬಳ್ಳಿಯ ಬೇರು ಈ ಹೇನನ್ನು ತಡೆಯುತ್ತದೆ ಎಂದು ಅಲ್ಲಿಂದ ಬಳ್ಳಿ ತರಿಸಿ ಕಸಿ ಕಟ್ಟಿದರು. ಬಳ್ಳಿಯ ಜೊತೆ ಇನ್ನೊಂದು ಪೀಡೆ ಹಡಗು ಹತ್ತಿ ಬಂತು: ಬೂಜು ತುಪ್ಪಟ ರೋಗ. ಎಲೆಯ ಅಡಿ ಬಿಳಿ ಬೂಷ್ಟು, ಆಮೇಲೆ ಎಲೆಯೇ ಇಲ್ಲ.

1882ರ ಅಕ್ಟೋಬರಿನಲ್ಲಿ ಪಿಯರ್ ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ಬೋರ್ಡೋ ಸೀಮೆಯ ಮೆಡಾಕ್ ಭಾಗದ ಸೇಂಟ್ ಜೂಲಿಯನ್ ಎಂಬಲ್ಲಿ ತೋಟ ಸುತ್ತುತ್ತಿದ್ದರು. ಎಲ್ಲೆಡೆ ಬಳ್ಳಿ ಬೋಳು. ಆದರೆ ದಾರಿ ಬದಿಯ ಸಾಲುಗಳಲ್ಲಿ ಮಾತ್ರ ಎಲೆ ನಿಂತಿದೆ. ವಿಚಾರಿಸಿದರೆ ಗೊತ್ತಾಯಿತು: ಹೋಗೋ ಬರೋರು ಹಣ್ಣು ಕಿತ್ತು ತಿನ್ನದಿರಲಿ ಅಂತ ಅಲ್ಲಿನವರು ಮೈಲುತುತ್ತ ಮತ್ತು ಸುಣ್ಣ ಕಲಸಿ ಆ ಸಾಲುಗಳಿಗೆ ಎರಚಿದ್ದರು. ನೀಲಿ ಬಣ್ಣ ಬಳಿದ ದ್ರಾಕ್ಷಿಯನ್ನು ಯಾರು ಮುಟ್ಟುತ್ತಾರೆ? ಕಳ್ಳರನ್ನು ಹೆದರಿಸಲು ಮಾಡಿದ ಉಪಾಯ ರೋಗವನ್ನೂ ಓಡಿಸಿತ್ತು. ಗೇಯೋನ್ ಎಂಬ ರಸಾಯನಶಾಸ್ತ್ರಜ್ಞರ ಜೊತೆ ಪ್ರಯೋಗ ಮಾಡಿ ಮಿಲಾರ್ದೆ 1885ರಲ್ಲಿ ಇದನ್ನು ಪ್ರಕಟಿಸಿದರು. ಅದೇ ಬೋರ್ಡೋ ದ್ರಾವಣ. ನಿಮ್ಮ ಡ್ರಮ್ಮಿನ ಲೆಕ್ಕ ಗೊತ್ತೇ ಇದೆಯಲ್ಲ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು.

ನಮ್ಮಲ್ಲಿಗೆ ಅದು ಬಂದದ್ದಕ್ಕೆ ಲೆಸ್ಲಿ ಕೋಲ್ಮನ್ ಅವರನ್ನು ನೆನೆಯಬೇಕು. ಕೆನಡಾದವರು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದು ಮಲೆನಾಡಿನ ಕೊಳೆರೋಗದ ಬೆನ್ನು ಹತ್ತಿದರು, ಬೋರ್ಡೋ ಸಿಂಪಡಿಸುವುದನ್ನು ಬೆಳೆಗಾರರಿಗೆ ಕಲಿಸಿದರು. ಅದಕ್ಕೆ ಮುಂಚೆ ಅಡಿಕೆ ಗೊನೆ ಉಳಿಸಿಕೊಳ್ಳಲು ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. ದ್ರಾಕ್ಷಿಯ ಔಷಧಿ ಅಡಿಕೆಗೆ ನಾಟಿದ್ದು ಅದೃಷ್ಟದಿಂದಲ್ಲ. ಬೂಜು ತುಪ್ಪಟವೂ ಕೊಳೆಯೂ ಒಂದೇ ಬಳಗದ ರೋಗಾಣುಗಳಿಂದ ಬರುತ್ತವೆ. ನೀರಿನ ತೆಳು ಪದರದಲ್ಲಿ ಈಜಿಕೊಂಡು ಹೋಗಿ ಅಂಟುವ ಜಾತಿ ಅವು. ಮೈಲುತುತ್ತದಲ್ಲಿರುವ ತಾಮ್ರ ಆ ನೀರಿನಲ್ಲೇ ಅವನ್ನು ಮುಗಿಸುತ್ತದೆ. ಅದಕ್ಕೇ ರೋಗ ಬರುವ ಮುಂಚೆ ಹೊಡೆಯಬೇಕು. ಬೋರ್ಡೋದಲ್ಲಿ ವರ್ಷಕ್ಕೆ ಸುಮಾರು 900 ಮಿಲಿಮೀಟರ್ ಮಳೆ. ಅಷ್ಟಕ್ಕೇ ಅವರಿಗೆ ಈ ಗೋಳು. ಆಗುಂಬೆಯಲ್ಲಿ 7,000 ದಾಟುತ್ತದೆ. ವೈನ್ ದ್ರಾಕ್ಷಿ ನಂದಿ ಬೆಟ್ಟದ ತಪ್ಪಲಿಗೂ ವಿಜಯಪುರಕ್ಕೂ ಹೋಯಿತು, ಮಲೆನಾಡಿಗೆ ಬರಲಿಲ್ಲ. ಯಾಕೆ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಇನ್ನು ಬಾಟಲಿ. ಬೋರ್ಡೋ ಅನ್ನೋದು ದ್ರಾಕ್ಷಿ ತಳಿಯ ಹೆಸರಲ್ಲ. ಆ ಸೀಮೆಯಲ್ಲಿ ಬೆಳೆದ ದ್ರಾಕ್ಷಿಯ ವೈನಿಗೆ ಮಾತ್ರ ಆ ಹೆಸರು, ಶಿರಸಿ ಅಡಿಕೆಗೆ 2019ರಲ್ಲಿ ಸಿಕ್ಕ ಜಿಐ (ಭೌಗೋಳಿಕ ಗುರುತು) ಮುದ್ರೆಯ ಹಾಗೆ. (ಔಷಧಿಗೆ ಆ ಕಟ್ಟುಪಾಡಿಲ್ಲ. ತೀರ್ಥಹಳ್ಳಿಯಲ್ಲಿ ಕಲಸಿದರೂ ಬೋರ್ಡೋನೇ.) ಕೆಂಪು ಬೋರ್ಡೋ ಸಾಮಾನ್ಯವಾಗಿ ಬೆರಕೆ. ಮುಖ್ಯವಾಗಿ ಎರಡು ತಳಿ: ಕ್ಯಾಬರ್ನೆ ಸೊವಿನ್ಯೋ ಮತ್ತು ಮೆರ್ಲೋ. ಮೆರ್ಲೋ ಬೇಗ ಚಿಗುರುತ್ತದೆ, ಬೇಗ ಹಣ್ಣಾಗುತ್ತದೆ. ವಸಂತದ ಹಿಮಕ್ಕೆ ಸಿಕ್ಕಿಬೀಳುತ್ತದೆ. ಕ್ಯಾಬರ್ನೆ ತಡ, ಕೊಯ್ಲಿನ ಹೊತ್ತಿನ ಮಳೆಗೆ ಸಿಕ್ಕಿಬೀಳುತ್ತದೆ. ಎರಡೂ ಇದ್ದರೆ ಒಂದಾದರೂ ಕೈಹಿಡಿಯುತ್ತದೆ. ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾ?

ರುಚಿಯ ಮಾತಿಗೆ ಬಂದರೆ ಮಲೆನಾಡಿನವರು ಒಂದು ಹೆಜ್ಜೆ ಮುಂದೆಯೇ ಇದ್ದೇವೆ. ಬೆಳೆಗಾರ ಗೆಳೆಯನೊಬ್ಬನಿಗೆ ಒಮ್ಮೆ ಎಳೆಯ ಕ್ಯಾಬರ್ನೆ ಕೊಟ್ಟೆ. ಒಂದು ಗುಟುಕು ಕುಡಿದು ಮುಖ ಸಿಂಡರಿಸಿ, "ಇದಕ್ಕೆ ಚೊಗರು ಬೆರೆಸಿದಾರೇನೋ?" ಅಂದ. ನಾನು ಓದಿದ ವೈನ್ ವಿಮರ್ಶೆಗಳಲ್ಲಿ ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಸುಲಿದ ಹಸಿ ಅಡಿಕೆ ಬೇಯಿಸಿದ ನೀರು ಕುದ್ದು ಕುದ್ದು ಮಂದವಾದರೆ ಚೊಗರು. ಅದರ ಒಗರು ಟ್ಯಾನಿನ್‌ನಿಂದ. ದ್ರಾಕ್ಷಿಯ ಸಿಪ್ಪೆ, ಬೀಜದಲ್ಲಿ ಇರುವುದೂ ಅದೇ ಬಗೆಯ ಟ್ಯಾನಿನ್. ಕೆಂಪು ವೈನನ್ನು ಸಿಪ್ಪೆ ಸಮೇತ ಹುಳಿ ಬರಿಸುತ್ತಾರೆ, ಹಾಗಾಗಿ ಒಗರು ಇಳಿಯುತ್ತದೆ. ಬಿಳಿ ವೈನಿಗೆ ಮೊದಲೇ ಹಿಂಡಿ ಸಿಪ್ಪೆ ಬೇರೆ ಮಾಡುತ್ತಾರೆ. ಕ್ಯಾಬರ್ನೆಯದು ಸಣ್ಣ ಹಣ್ಣು, ದಪ್ಪ ಸಿಪ್ಪೆ, ಅದಕ್ಕೇ ಒಗರು ಜಾಸ್ತಿ. ಮೆರ್ಲೋ ಮೆತ್ತಗೆ.

ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ನಾಲಿಗೆಯ ಜಾರುತನ ಹೋಗಿ ಬಾಯಿ ಒರಟಾಗುತ್ತದೆ. ಅಂಟಿಕೊಳ್ಳಲು ಬೇರೆ ಪ್ರೋಟೀನ್ ಕೊಟ್ಟರೆ ನಾಲಿಗೆ ಬಚಾವು. ಫ್ರೆಂಚರು ಎಳೆ ಬೋರ್ಡೋ ಜೊತೆ ಕುರಿಮಾಂಸ ತಿನ್ನುತ್ತಾರೆ. ನಮ್ಮಲ್ಲಿ ಬಾಳೆಹೂವನ್ನು ಮಜ್ಜಿಗೆಯಲ್ಲಿ ನೆನೆಹಾಕುತ್ತಾರೆ, ಪೇರಳೆ ಕುಡಿಗೆ ಮಜ್ಜಿಗೆ ಸೇರಿಸಿ ತಂಬುಳಿ ಮಾಡುತ್ತಾರೆ. ಕೆಲಸ ಒಂದೇ. ಆದರೆ ಖಾರದ ಕೋಳಿಸಾರು, ಕಡುಬಿನ ಜೊತೆ ಕ್ಯಾಬರ್ನೆ ಬೇಡ. ಒಗರೂ ಖಾರವೂ ಒಂದನ್ನೊಂದು ಕೆಣಕುತ್ತವೆ. ಮೆರ್ಲೋ ಜಾಸ್ತಿ ಇರುವ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕುಡಿಯಿರಿ, ಅಷ್ಟೇ ನನ್ನ ಸಲಹೆ.

ಒಂದು ಮಾತು ಉಳಿಯಿತು. ಬೋರ್ಡೋದ ದಕ್ಷಿಣಕ್ಕೆ ಸೋಟರ್ನ್ ಎಂಬ ಜಾಗವಿದೆ. ಅಲ್ಲಿ ಸೀರೋನ್ ಎಂಬ ತಣ್ಣನೆಯ ಹೊಳೆ ಗಾರೋನ್ ನದಿಗೆ ಸೇರುತ್ತದೆ. ಶರತ್ಕಾಲದ ಬೆಳಗ್ಗೆ ಮಂಜು, ಮಧ್ಯಾಹ್ನ ಬಿಸಿಲು. ಸೆಮಿಯೋನ್ ಎಂಬ ಬಿಳಿ ದ್ರಾಕ್ಷಿಗೆ ಬೋಟ್ರೈಟಿಸ್ ಶಿಲೀಂಧ್ರ ಹತ್ತುತ್ತದೆ. ಹಣ್ಣು ಮುರುಟಿ, ಸಕ್ಕರೆ ಗಟ್ಟಿಯಾಗಿ, ಜೇನಿನಂಥ ವೈನ್ ಆಗುತ್ತದೆ. ಬೆಳೆಗಾರರು ಆ ಕೊಳೆ ಹತ್ತಲಿ ಅಂತಲೇ ಕಾಯುತ್ತಾರೆ, ಕೊಳೆತ ಹಣ್ಣನ್ನೇ ಆರಿಸಿ ಆರಿಸಿ ಕೊಯ್ಯುತ್ತಾರೆ. ಇದನ್ನು ಅದೇ ಗೆಳೆಯನಿಗೆ ಹೇಳಿದೆ. ಆಷಾಢದ ಮಳೆ ಧೋ ಅಂತ ಸುರಿಯುತ್ತಿತ್ತು, ಎರಡನೇ ಸಿಂಪರಣೆಗೆ ಹೊಳವು ಸಿಕ್ಕಿರಲಿಲ್ಲ. ಅವನು ನಗಲಿಲ್ಲ.