ಪದಬಂಧ ಬಿಡಿಸಲು ನೀರಿನಿಂದ ಶುರು ಮಾಡಿ

ಕನ್ನಡ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರ. ಗುಣಿತ, ಒತ್ತು, ಸೊನ್ನೆ ಎಲ್ಲ ಅದರ ಜೊತೆಗೇ ಕೂರುತ್ತವೆ. ಸರಸ್ವತಿಗೆ ನಾಲ್ಕು ಮನೆ (ಸ, ರ, ಸ್ವ, ತಿ), ಅರವಿಂದಕ್ಕೂ ನಾಲ್ಕೇ (ಅ, ರ, ವಿಂ, ದ). ಸುಳಿವಿನ ಕೊನೆಯಲ್ಲಿರುವ ಸಂಖ್ಯೆ ಇದೇ ಲೆಕ್ಕದ್ದು. ಸೊನ್ನೆಗೆ ಬೇರೆ ಮನೆ ಬಿಟ್ಟು ಒದ್ದಾಡಬೇಡಿ, ನಾನು ಒದ್ದಾಡಿದ್ದು ಸಾಕು.

ಪೆನ್ಸಿಲ್ ಇಟ್ಟುಕೊಳ್ಳಿ. ಒಮ್ಮೆ 'ಸಮುದ್ರ (3)' ಅಂತ ಸುಳಿವು ಕಂಡಿದ್ದೇ ತಡ, ಪೆನ್ನಿನಲ್ಲಿ 'ಸಾಗರ' ಬರೆದುಬಿಟ್ಟೆ. ಕೊನೆಯ ಮನೆಗೆ ಮೇಲಿನಿಂದ ಇಳಿದ ಪದ 'ಹೂತಿಟ್ಟ ಸಂಪತ್ತು (2)', ಅಂದರೆ ನಿಧಿ. ಹಾಗಾದರೆ ನನ್ನ ಸಮುದ್ರ 'ಧಿ'ಯಲ್ಲಿ ಮುಗಿಯಬೇಕು, ಕಡಲು ಕೂಡ ಹೋಯಿತು. ಉಳಿದದ್ದು ಜಲಧಿ, ಶರಧಿ, ವಾರಿಧಿ, ಅಂಬುಧಿ. ಮೊದಲ ಮನೆಯಿಂದ ಕೆಳಗಿಳಿಯುವ ಸುಳಿವು 'ಮುಪ್ಪು (2)', ಉತ್ತರ ಜರೆ. ಅಲ್ಲಿಗೆ ಜಲಧಿ ಗಟ್ಟಿಯಾಯಿತು. ಮೂರು ಅಕ್ಷರದ ಒಂದು ಪದಕ್ಕೆ ಎರಡು ಕಡೆಯಿಂದ ಸಾಕ್ಷಿ ಬೇಕಾಯ್ತು ನೋಡಿ.

ಇಲ್ಲೇ ಒಂದು ಉಪಾಯ ಇದೆ, ನನಗೆ ತುಂಬಾ ತಡವಾಗಿ ಹೊಳೆದದ್ದು. ನೀರಿಗಿರುವ ಹೆಸರುಗಳನ್ನು ಕಲಿಯಿರಿ: ಜಲ, ವಾರಿ, ಅಂಬು, ತೋಯ. ಇವಕ್ಕೆ 'ಜ' ಸೇರಿಸಿದರೆ ತಾವರೆ (ಜಲಜ, ಅಂಬುಜ), 'ದ' ಸೇರಿಸಿದರೆ ಮೋಡ (ಜಲದ, ಅಂಬುದ), 'ಧಿ' ಸೇರಿಸಿದರೆ ಸಮುದ್ರ. ನೀರಿನಲ್ಲಿ ಹುಟ್ಟಿದ್ದು, ನೀರು ಕೊಡುವುದು, ನೀರನ್ನು ಹಿಡಿದಿಟ್ಟದ್ದು, ಅಷ್ಟೇ. ನಾಲ್ಕು ಪದ ಬಾಯಿಪಾಠ ಮಾಡಿದರೆ ಹನ್ನೆರಡು ಉತ್ತರ ಪುಕ್ಕಟೆ, ಮತ್ತೆ ಸುಲಭದ ಪದಬಂಧ ಮಾಡುವವರಿಗೆ ತಾವರೆ, ಮೋಡ, ಸಮುದ್ರದ ಮೇಲೆ ಅದೇನು ಪ್ರೀತಿಯೋ!

ಪುರಾಣದ ಹೆಸರುಗಳನ್ನು ಮನೆಯ ಲೆಕ್ಕದಲ್ಲೇ ನೆನಪಿಡಿ. ಅರ್ಜುನನಿಗೆ ಎರಡು ಮನೆ ಇದ್ದರೆ ಪಾರ್ಥ, ಮೂರಕ್ಕೆ ಕಿರೀಟಿ, ನಾಲ್ಕಕ್ಕೆ ಧನಂಜಯ ಅಥವಾ ಸವ್ಯಸಾಚಿ. 'ಹಳಗನ್ನಡದ ಹುಲಿ' ಅಂದರೆ ಪುಲಿ, ಹಾಲು ಪಾಲಾಗುತ್ತದೆ.

ಕನ್ನಡದಲ್ಲಿ ಣ, ಳ ಅಕ್ಷರಗಳಿಂದ ಪದ ಶುರುವಾಗುವುದಿಲ್ಲ, ಅಲ್ವಾ? ಕೆಳಕ್ಕೆ ಹೊಸ ಪದ ಶುರುವಾಗುವ ಮನೆಯಲ್ಲಿ ನಿಮ್ಮ 'ಳ' ಕೂತಿದ್ದರೆ, ಸುಮ್ನೆ ತಲೆ ಕೆರೆದುಕೊಳ್ಳದೆ ಅಡ್ಡ ಸಾಲಿನ ಉತ್ತರ ಅಳಿಸಿ. ಅಡ್ಡ ಸಾಲು 'ತಿ' ಅಂದು ಉದ್ದ ಸಾಲು 'ತೀ' ಅಂದರೂ ಅಷ್ಟೇ, ಎರಡರಲ್ಲಿ ಒಂದು ತಪ್ಪು.

ಸುಳಿವಿನಲ್ಲಿ 'ತಿರುಗಿ', 'ಹಿಂದುಮುಂದಾಗಿ' ಇದ್ದರೆ ಅಕ್ಷರಗಳನ್ನು ಬಲದಿಂದ ಓದಿ. 'ತಿರುಗಿ ಹರಿದ ನದಿಗೆ 24 ಗಂಟೆ (2)' ಅಂದರೆ ದಿನ.